ಹುಳಕ್ಕೆ ಆಗದ ಪರಿಮಳ

ಚನ್ನಪಟ್ಟಣದಿಂದ ರಾಮನಗರಕ್ಕೆ ಬೆಳಗಿನ ಬಸ್ಸು ಹತ್ತಿದರೆ ಸಾಕು, ನನಗೆ ವಾಕರಿಕೆ ಶುರುವಾಗುತ್ತದೆ. ಬಸ್ಸಿನ ಕುಲುಕಾಟಕ್ಕಲ್ಲ, ಡೀಸೆಲ್ ಹೊಗೆಗೂ ಅಲ್ಲ. ಶುಚಿಯಾಗಿ ಸ್ನಾನ ಮಾಡಿ, ಘಮಘಮಿಸುತ್ತ ಕೆಲಸಕ್ಕೆ ಹೊರಟ ಜನಕ್ಕೆ. ಮುಂದೆ ನಿಂತು ಕಂಬಿ ಹಿಡಿದವನ ಕಂಕುಳಿನಿಂದ ಸಮುದ್ರದ ಗಾಳಿ ಬರುತ್ತದಂತೆ. ಅವನ ಸ್ಪ್ರೇ ಡಬ್ಬದ ಮೇಲೆ ಹಾಗೆ ಬರೆದಿರುತ್ತದೆ. ಸಮುದ್ರಕ್ಕೆ ಬಾಯಿದ್ದರೆ ಮಾನನಷ್ಟದ ಕೇಸು ಹಾಕುತ್ತಿತ್ತು. ಪಕ್ಕದಲ್ಲಿ ಕೂತವಳ ಕೂದಲಿನಿಂದ ಸ್ಟ್ರಾಬೆರಿ. ಅವಳ ಮಡಿಲಿನ ಕೂಸಿನ ನೆತ್ತಿಯಿಂದ ಪೌಡರು. ಕಂಡಕ್ಟರನ ಅಂಗಿಯಿಂದ ಬಟ್ಟೆ ಒಗೆಯುವ ಪುಡಿಯ ಗುಲಾಬಿ. ಡ್ರೈವರನ ಮುಂದೆ ದೇವರ ಪಟದ ಜೊತೆ ನೇತಾಡುವ ರಟ್ಟಿನ ಚೂರಿನಿಂದ ನಿಂಬೆಹಣ್ಣು. ಒಂದರ ಮೇಲೊಂದು ಬಿದ್ದು, ಕಲಸಿ, ಗಂಟಲಿಗೆ ಇಳಿದು ಅಂಟಿಕೊಳ್ಳುತ್ತವೆ. ಇಷ್ಟು ಜನರಲ್ಲಿ ಒಬ್ಬರಾದರೂ ಮನುಷ್ಯರ ಹಾಗೆ ಬೆವರು ನಾರಬಾರದೇ ಎನ್ನಿಸುತ್ತದೆ.

ಕಾಲೇಜಿನ ಸ್ಟಾಫ್ ರೂಮಿನಲ್ಲೂ ಬಿಡುಗಡೆಯಿಲ್ಲ. ಅಲ್ಲಿ ಗೋಡೆಗೆ ಒಂದು ಸಣ್ಣ ಯಂತ್ರ ಸಿಕ್ಕಿಸಿದ್ದಾರೆ. ಅದು ಆಗಾಗ ತಾನಾಗಿಯೇ ಉಸ್ ಎಂದು ಮಲ್ಲಿಗೆ ಉಗುಳುತ್ತದೆ. ನಾವು ಊಟದ ಡಬ್ಬಿ ತೆರೆದ ಹೊತ್ತಿಗೇ ಅದಕ್ಕೂ ಉಸಿರು ಬರುತ್ತದೆ. ಮುದ್ದೆ ಉಪ್ಸಾರಿಗೆ ಮಲ್ಲಿಗೆಯ ಒಗ್ಗರಣೆ. ಅದನ್ನು ತೆಗೆಸಿ ಎಂದು ಕೇಳಿದ್ದಕ್ಕೆ ಸಹೋದ್ಯೋಗಿಯೊಬ್ಬರು, ಮೇಡಂಗೆ ಒಳ್ಳೆಯದು ಯಾವುದೂ ಹಿಡಿಸುವುದಿಲ್ಲ ಎಂದು ನಕ್ಕರು. ನಕ್ಕವರ ಕರವಸ್ತ್ರದಿಂದಲೂ ಅದೇ ಜಾತಿಯ ಇನ್ನೊಂದು ಹೂವು ಮೂಗಿಗೆ ಬಡಿಯಿತು.

ನಾನು ಹುಟ್ಟಾ ಹೀಗೆ ಮೂಗು ಮುರಿಯುವವಳಲ್ಲ. ಅವ್ವನಿಗೆ ಆದದ್ದನ್ನು ನೋಡಿದ ಮೇಲೆ ಹೀಗಾದೆ.

ನನ್ನ ತವರು ರಾಮನಗರದಲ್ಲಿ. ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡು, ಅದರೊಳಗೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಚರಕಗಳು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಬೇಕು, ಮೆತ್ತಗಾದ ಗೂಡಿನಿಂದ ಎಳೆಯ ತುದಿ ಹುಡುಕಬೇಕು, ಹಲವು ಎಳೆ ಸೇರಿಸಿ ಚರಕಕ್ಕೆ ಕೊಡಬೇಕು. ಎಳೆ ಬಿಚ್ಚುತ್ತ ಬಿಚ್ಚುತ್ತ ಕೊನೆಗೆ ಒಳಗಿನ ಬೆಂದ ಹುಳ ನೀರಿನಲ್ಲಿ ಉಳಿಯುತ್ತದೆ. ಅದರ ವಾಸನೆಯನ್ನು ಕಾಗದದ ಮೇಲೆ ಹೇಳುವುದು ಕಷ್ಟ. ಒಣಮೀನು, ಕೊಳೆತ ಸೊಪ್ಪು, ಒದ್ದೆ ಉಣ್ಣೆ ಮೂರನ್ನೂ ಒಂದೇ ಮಡಕೆಯಲ್ಲಿ ಕುದಿಸಿದರೆ ಹತ್ತಿರಕ್ಕೆ ಬರಬಹುದು. ಅಪ್ಪ ತೀರಿಕೊಂಡ ಮೇಲೆ ಶೆಡ್ಡನ್ನು ಅವ್ವನೇ ನಡೆಸಿದಳು. ಇಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರೂ ಗೂಡು ಬೇಯುವ ಬೇಸಿನ್ನಿನ ಮುಂದೆ ತಾನು ಕೂರದೆ ಅವಳಿಗೆ ದಿನ ಹೋಗುತ್ತಿರಲಿಲ್ಲ. ಕುದಿಯುವ ನೀರಿನ ಅಂಚಿನಲ್ಲಿ ಅವಳ ಬೆರಳು ಎಳೆಯ ತುದಿ ಹಿಡಿಯುವುದನ್ನು ನೋಡಲು ಚಿಕ್ಕಂದಿನಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಶೆಡ್ಡಿಗೆ ಓಡುತ್ತಿದ್ದೆ.

ಅವ್ವನಿಗೆ ಈ ಕೆಲಸದಷ್ಟೇ ಪ್ರೀತಿಯ ಇನ್ನೊಂದು ಕೆಲಸವೆಂದರೆ ಈ ಕೆಲಸದ ವಾಸನೆಯನ್ನು ಮುಚ್ಚುವುದು. ಮದುವೆಯಾದ ಹೊಸತರಲ್ಲಿ ಕುದೂರಿನ ನೆಂಟರ ಮನೆಗೆ ಹೋಗಿದ್ದಾಗ ಅವಳು ಕೂತೆದ್ದ ಚಾಪೆಯನ್ನು ಅವಳ ಕಣ್ಣೆದುರೇ ಬಿಸಿಲಿಗೆ ಹಾಕಿದರಂತೆ. ಅದನ್ನು ಅವಳು ನನಗೆ ಹೇಳಿದ್ದು ನನ್ನ ಮದುವೆಯಾದ ಮೇಲೆ, ಅದೂ ಬೇರೆ ಯಾರದೋ ಕಥೆ ಹೇಳುವ ಹಾಗೆ. ಆವತ್ತಿನಿಂದ ಒಲೆ ಆರಿಸಿದ ಕೂಡಲೇ ಬಚ್ಚಲಿಗೆ ನುಗ್ಗುವುದು, ಮೈಗೆ ಎರಡು ಸಲ ಸೋಪು, ತಲೆಗೆ ಶಾಂಪೂ, ಕತ್ತು ಬೆಳ್ಳಗಾಗುವಷ್ಟು ಪೌಡರು, ಕೈಗೆ ಗುಲಾಬಿ ಬಣ್ಣದ ಕ್ರೀಮು. ಇಷ್ಟಾಗದೆ ಜಗುಲಿಗೆ ಬಂದು ಕೂರುತ್ತಿರಲಿಲ್ಲ. ಅವಳಿಗೆ ಏನು ತಂದುಕೊಡಬೇಕೆಂದು ನಮಗಾರಿಗೂ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ನಾನು ಸಂಬಳ ಬಂದಾಗ ಗಂಧದ ಸೋಪು ತರುತ್ತಿದ್ದೆ, ಅತ್ತಿಗೆ ತವರಿಗೆ ಹೋಗಿ ಬಂದಾಗ ಒಂದು ಸೆಂಟು ಬಾಟಲಿ. ಅವ್ವನ ವಾಸನೆ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಅಂಗಡಿಯ ಈ ವಾಸನೆಯೇ.

ಮೂರ್ನಾಲ್ಕು ವರ್ಷದ ಹಿಂದೆ ಅವಳ ಕೈ ಕೆಟ್ಟಿತು. ಮೊದಲು ಬೆರಳ ಸಂದಿಯಲ್ಲಿ ನವೆ, ಆಮೇಲೆ ಸಣ್ಣ ಗುಳ್ಳೆ, ಗುಳ್ಳೆ ಒಡೆದು ರಸಿಗೆ, ರಸಿಗೆ ಒಣಗಿ ಹಕ್ಕಳೆ, ಹಕ್ಕಳೆ ಬಿರಿದು ರಕ್ತ. ನೋಡಲು ಹೇಸಿಗೆಯಾಗುತ್ತಿತ್ತು, ಅವ್ವನ ಕೈ ಎಂದು ಸುಳ್ಳು ಹೇಳುವುದಿಲ್ಲ. ಅನ್ನ ಕಲಸಲು ಆಗದೆ ಚಮಚ ಹಿಡಿದಳು. ಆಮೇಲೆ ಕತ್ತಿನ ಸುತ್ತ ಕಪ್ಪು ಪಟ್ಟಿ ಎದ್ದಿತು. ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿ, ಕಣ್ಣೇ ಬಿಡಲಾಗದೆ, ಗೋಡೆ ತಡವಿಕೊಂಡು ಅಡುಗೆಮನೆಗೆ ಬಂದಳು.

ಕಾರಣ ಹುಡುಕಲು ಯಾರೂ ಕಷ್ಟಪಡಲಿಲ್ಲ. ನಮ್ಮ ಬೀದಿಯಲ್ಲಿ ಚರಕಕ್ಕೆ ಕೂರುವ ಎಲ್ಲರ ಬೆರಳೂ ಬಿರಿದಿರುತ್ತವೆ. ಹುಳದ ನೀರು ಕೈ ತಿಂದಿತು ಎಂದು ಅಣ್ಣ ಹೇಳಿದ, ಬೀದಿಯವರು ಹೇಳಿದರು, ಊರಿನ ಡಾಕ್ಟರು ಕೈಯನ್ನು ಮುಟ್ಟಿಯೂ ನೋಡದೆ ಅದನ್ನೇ ಹೇಳಿ ಒಂದು ಮುಲಾಮು ಬರೆದುಕೊಟ್ಟರು. ಚರಕ ಬಿಡಬೇಕು, ಇಲ್ಲವಾದರೆ ವಾಸಿಯಾಗುವುದಿಲ್ಲ. ಅವ್ವ ಒಬ್ಬಳೇ ಒಪ್ಪಲಿಲ್ಲ.

"ಈ ನೀರು ನನ್ ಕೈಗೆ ಒಸದಾ? ಇಷ್ಟ್ ವರ್ಸ ಸುಮ್ನಿದ್ದದ್ದು ಈಗ್ಯಾಕೆ ಮುನಿಸ್ಕತದೆ?" ಎಂದಳು.

ಅವಳ ಮಾತಿಗೆ ಯಾರೂ ಕಿವಿ ಕೊಡಲಿಲ್ಲ. ಶೆಡ್ಡಿಗೆ ಬೀಗ ಬಿತ್ತು. ಕೆಲಸದ ಹೆಂಗಸರು ಬೇರೆಯವರ ಚರಕಕ್ಕೆ ಹೋದರು. ಅವ್ವ ಹಗಲೆಲ್ಲ ಜಗುಲಿಯಲ್ಲಿ ಕೂತು, ಕೈಗೆ ಮುಲಾಮು ಮೆತ್ತಿ, ಅದರ ಮೇಲೆ ಪೌಡರು ಉದುರಿಸಿಕೊಂಡು, ಬೀದಿ ನೋಡತೊಡಗಿದಳು. ಹೀಗೆ ಬಿಟ್ಟರೆ ಇವಳು ಕೈಯಿಂದಲ್ಲ, ಮನಸ್ಸಿನಿಂದ ಹೋಗುತ್ತಾಳೆ ಎಂದು ಹೆದರಿ ಸೋದರಮಾವನ ಮನೆಗೆ ಕಳಿಸಿದೆವು.

ಮಾವ ಇರುವುದು ಮಾಗಡಿ ಕಡೆ, ಕಲ್ಯದಲ್ಲಿ. ಅಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾರೆ. ಹುಳ ಸಾಕುವ ಮನೆಯ ಮಡಿ ಗೊತ್ತಿಲ್ಲದವರಿಗೆ ಅದನ್ನು ಹೇಳಿದರೆ ನಂಬುವುದಿಲ್ಲ. ಹುಳಕ್ಕೆ ವಾಸನೆ ಆಗುವುದಿಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿ ಕೇಳಲೇಬೇಡಿ. ಸೆಂಟು, ಪೌಡರು, ಪರಿಮಳದೆಣ್ಣೆ, ಮುಡಿದ ಹೂವು ಯಾವುದೂ ಬಾಗಿಲು ದಾಟುವಂತಿಲ್ಲ. ಒಮ್ಮೆ ಮಾವ ಅತ್ತೆಯರ ಹೊಸ ಅಳಿಯ ಜರ್ಬಿನಿಂದ ಸೆಂಟು ಹೊಡೆದುಕೊಂಡು ಹುಳದ ಮನೆಯೊಳಗೆ ಇಣುಕಿದನಂತೆ. ಮಾವ ಅವನನ್ನು ರಟ್ಟೆ ಹಿಡಿದು ತೊಟ್ಟಿಯ ಹತ್ತಿರ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಬೂದಿ ಕೊಟ್ಟು ಮೈ ತಿಕ್ಕಿಸಿದ. ಮಾವನಿಗೆ ಅಳಿಯನ ಮುನಿಸಿಗಿಂತ ಹುಳದ ಮುನಿಸೇ ದೊಡ್ಡದು. ವಾಸನೆ ತಗುಲಿದ ಹುಳ ತಲೆ ಎತ್ತಿ ಅಲ್ಲಾಡಿಸುತ್ತದೆ, ಸೊಪ್ಪು ಬಿಡುತ್ತದೆ, ಹಸಿರು ನೀರು ಕಾರುತ್ತದೆ, ಸಾಯುತ್ತದೆ.

ಅವ್ವನನ್ನು ಬಿಡಲು ನಾನೇ ಹೋಗಿದ್ದೆ. ಹಟ್ಟಿ ಬಾಗಿಲಲ್ಲೇ ಅತ್ತೆ ಅವಳ ಚೀಲ ಇಸಿದುಕೊಂಡು, ಸೋಪು, ಪೌಡರು, ಕ್ರೀಮು, ಎಣ್ಣೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಕಟ್ಟಿ, ದನದ ಕೊಟ್ಟಿಗೆಯ ಸೂರಿಗೆ ನೇತು ಹಾಕಿದಳು. ಹುಳ ಹಣ್ಣಾಗಿ ಗೂಡು ಕಟ್ಟುವವರೆಗೆ ಅದು ಅಲ್ಲೇ ಎಂದು ಹೇಳಿ ಸೋಪಿನ ಬದಲಿಗೆ ಅವ್ವನ ಕೈಗೆ ಕಡಲೆಹಿಟ್ಟಿನ ಡಬ್ಬಿ ಕೊಟ್ಟಳು. ಮುಲಾಮಿನದೂ ಒಂದು ಥರ ವಾಸನೆ ಐತೆ ಎಂದು ಅದನ್ನೂ ಮೇಲೆ ಕಟ್ಟಿದಳು. ಡಾಕ್ಟರು ಬರೆದುಕೊಟ್ಟದ್ದು ಎಂದು ನಾನು ಅಡ್ಡ ಹೋದೆ. ಅತ್ತೆ ಗಂಟನ್ನು ಇನ್ನೊಮ್ಮೆ ಬಿಗಿದಳು.

ಅವ್ವ ಅಲ್ಲಿ ಸೊಪ್ಪು ಕತ್ತರಿಸಿದಳು, ಹುಳಕ್ಕೆ ಹಾಕಿದಳು, ಅದರ ಹಾಸಿಗೆ ಬದಲಿಸಿದಳು, ಹಣ್ಣಾದ ಹುಳಗಳನ್ನು ಆರಿಸಿ ಗೂಡು ಕಟ್ಟಲೆಂದು ಚಂದ್ರಿಕೆಯ ಬಿದಿರಿನ ಮೇಲೆ ಬಿಟ್ಟಳು. ಆ ಬೆಳೆ ಮುಗಿಯುವ ಹೊತ್ತಿಗೆ ಅವಳ ಕೈಯ ಹಕ್ಕಳೆ ಉದುರಿ ಒಳಗಿನಿಂದ ಎಳೆಯ ಚರ್ಮ ಬಂದಿತ್ತು. ಕತ್ತಿನ ಪಟ್ಟಿ ತಿಳಿಯಾಗಿತ್ತು. ಕರೆತರಲು ಹೋದಾಗ ಅವಳು ಮುದ್ದೆಯನ್ನು ಕೈಯಲ್ಲೇ ಮುರಿದು ಉಣ್ಣುತ್ತಿದ್ದಳು. ನೋಡಿ ನನಗೆ ಅಳು ಬಂತು. ಎಲ್ಲರೂ ಒಕ್ಕೊರಲಿನಿಂದ ಹೇಳಿದ್ದು ಒಂದೇ: ಕಂಡೆಯಾ, ಚರಕದ ನೀರು ಬಿಟ್ಟದ್ದಕ್ಕೆ ವಾಸಿಯಾಯಿತು. ನಾನೂ ಹಾಗೆಯೇ ತಲೆಯಾಡಿಸಿದೆ.

ಹೊರಡುವಾಗ ಅತ್ತೆ ಕೊಟ್ಟಿಗೆಯ ಸೂರಿನಿಂದ ಕವರು ಇಳಿಸಿ, ಮರೆಯದೆ ಅವ್ವನ ಚೀಲಕ್ಕೆ ಹಾಕಿದಳು. ಮನೆಯಲ್ಲಿ ಅತ್ತಿಗೆ ಸಂತೋಷಕ್ಕೆ ಹೊಸ ಸೋಪು, ಹೊಸ ಲೋಷನ್ನು ತಂದಿಟ್ಟಿದ್ದಳು. ಎಳೆಯ ಚರ್ಮ, ಒಣಗದಿರಲಿ ಎಂದು. ಒಂದು ವಾರವೂ ತುಂಬಿರಲಿಲ್ಲ, ಅವ್ವನ ರೆಪ್ಪೆ ಮತ್ತೆ ಊದಿತು. ಕೈ ಮೊದಲಿಗಿಂತ ಕೆಟ್ಟದಾಗಿ ಒಡೆಯಿತು. ಶೆಡ್ಡಿನ ಬೀಗ ತೆಗೆದಿರಲೇ ಇಲ್ಲ, ಅವಳು ಚರಕ ಮುಟ್ಟಿರಲೇ ಇಲ್ಲ. ಆಗಲಾದರೂ ನಮಗೆ ಬುದ್ಧಿ ಬರಬೇಕಿತ್ತು. ಬದಲಿಗೆ ಅಣ್ಣ, ಶೆಡ್ಡಿನ ಗೋಡೆಯಲ್ಲೇ ಹುಳದ ನೀರು ಇಳಿದಿದೆ, ಅದರ ಗಾಳಿಯೇ ಅವ್ವನಿಗೆ ಆಗುತ್ತಿಲ್ಲ, ಚರಕಗಳನ್ನು ಮಾರಿ ಶೆಡ್ಡು ಕೆಡವುತ್ತೇನೆ ಎಂದು ಹೊರಟ. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ತೆಗೆದುಕೊಳ್ಳುವವರು ಬಂದು ನೋಡಿಕೊಂಡೂ ಹೋದರು. ಅವ್ವ ಊದಿದ ಕಣ್ಣಿನ ಸಂದಿಯಿಂದ ಅವರನ್ನೇ ನೋಡುತ್ತ ಕೂತಿದ್ದಳು. ಅದನ್ನು ನೋಡಲಾಗದೆ ಅಣ್ಣನ ಹತ್ತಿರ ಒಂದಿಷ್ಟು ದಿನದ ಗಡುವು ಕೇಳಿಕೊಂಡು, ಅವಳನ್ನು ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ ಕತ್ತಿಗೆ ಏನು ಹಚ್ಚುತ್ತೀರಿ ಎಂದು. ಆಮೇಲೆ ಅವ್ವನ ಬೆನ್ನ ತುಂಬ ಸಾಲಾಗಿ ಸಣ್ಣ ಸಣ್ಣ ಬಿಲ್ಲೆ ಅಂಟಿಸಿದರು. ಒಂದೊಂದರಲ್ಲೂ ಒಂದೊಂದು ವಸ್ತು ಇರುತ್ತದೆ, ಯಾವುದರ ಕೆಳಗೆ ಚರ್ಮ ಕೆಂಪೇರುತ್ತದೋ ಅದು ಮೈಗೆ ಆಗದ್ದು. ಎರಡು ದಿನ ನೀರು ತಾಗಿಸಬಾರದು. ನವೆ ಸಹಿಸಿದ ಅವ್ವ, ಸ್ನಾನ ಮಾಡದಿರುವುದನ್ನು ಸಹಿಸಲಿಲ್ಲ. ಆ ಎರಡು ದಿನ ನಮ್ಮ ಮನೆಯಲ್ಲಿದ್ದಳು, ನನ್ನ ಗಂಡ ಒಳಗೆ ಬಂದರೆ ತಾನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು.

ಬಿಲ್ಲೆ ತೆಗೆದಾಗ ಒಂದೆಡೆ ಗುಳ್ಳೆಯೇ ಎದ್ದಿತ್ತು. ಅದು ಸುಗಂಧದ ಮಿಶ್ರಣ. ಸೋಪು, ಪೌಡರು, ಕ್ರೀಮುಗಳಿಗೆ ಹಾಕುವ ವಾಸನೆ ವಸ್ತುಗಳಲ್ಲಿ ಕೆಲವನ್ನು ಸೇರಿಸಿ ಮಾಡಿದ್ದು. ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಡಬ್ಬದ ಹಿಂದೆ ಪರ್ಫ್ಯೂಮ್ ಎಂದೋ ಫ್ರೇಗ್ರನ್ಸ್ ಎಂದೋ ಒಂದೇ ಮಾತು ಇರುತ್ತದೆ; ಆ ಒಂದು ಮಾತಿನೊಳಗೆ ಹತ್ತಾರು ವಸ್ತುಗಳಿರಬಹುದು, ಯಾವ್ಯಾವುದು ಎಂದು ತಯಾರಿಸಿದವರು ಬಿಡಿಸಿ ಹೇಳುವುದು ಅಪರೂಪ, ವ್ಯಾಪಾರದ ಗುಟ್ಟು ಎನ್ನುತ್ತಾರೆ. ವರ್ಷಗಟ್ಟಲೆ ಹಚ್ಚಿದರೂ ಸುಮ್ಮನಿದ್ದ ಮೈ ಒಂದು ದಿನ ತಿರುಗಿ ಬೀಳಬಹುದು, ಒಮ್ಮೆ ತಿರುಗಿ ಬಿದ್ದರೆ ಸಾಮಾನ್ಯವಾಗಿ ಜೀವಮಾನವಿಡೀ ಹಾಗೆಯೇ. ಬಿಸಿನೀರು ಕೈಯನ್ನು ಒಣಗಿಸಿ ಬಿರುಕು ಬಿಡಿಸಿದ್ದು ನಿಜ, ಆ ಬಿರುಕಿನಿಂದ ಇದು ಸಲೀಸಾಗಿ ಒಳಗೆ ಹೋಯಿತು.

"ಅಂಗಾರೆ ಚರ್ಕದ್ ನೀರು?" ಎಂದಳು ಅವ್ವ.

"ಚರಕದ ನೀರು ನಿಮ್ಮ ಕಣ್ಣಿನ ರೆಪ್ಪೆಗೆ ಹೇಗೆ ಹೋಗುತ್ತೆ ಅಮ್ಮಾ?" ಎಂದರು ಡಾಕ್ಟರಮ್ಮ. "ಕೆಲಸ ಮಾಡಿ. ಕೈ ಒರೆಸಿಕೊಂಡ ತಕ್ಷಣ ವಾಸನೆ ಇಲ್ಲದ ವ್ಯಾಸಲೀನ್ ಹಚ್ಚಿ. ಆದರೆ ಸೆಂಟಿನ ವಾಸನೆ ಇರೋದು ಒಂದೂ ಮೈಗೆ ತಾಗಬಾರದು. ಒಂದೂ ಅಂದ್ರೆ ಒಂದೂ."

ಆವತ್ತು ಸಂಜೆ ತವರಿಗೆ ಹೋದವಳೇ ಮನೆಯಲ್ಲಿದ್ದ ಡಬ್ಬಿ ಬಾಟಲಿಗಳನ್ನೆಲ್ಲ ನಡುಮನೆಯಲ್ಲಿ ಸುರಿದುಕೊಂಡು ಕೂತೆ. ಸೋಪಿನಲ್ಲಿ ಆ ಪರ್ಫ್ಯೂಮ್ ಇದೆ, ಶಾಂಪೂವಿನಲ್ಲಿ ಇದೆ, ಪೌಡರಿನಲ್ಲಿ ಇದೆ ಎಂದರೆ ಸರಿ. ಪಾತ್ರೆ ತೊಳೆಯುವ ದ್ರವದಲ್ಲಿ ಯಾಕೆ? ನೆಲ ಒರೆಸುವುದರಲ್ಲಿ, ಹಲ್ಲುಜ್ಜುವುದರಲ್ಲಿ, ಅಣ್ಣನ ಕೂಸಿನ ಅಂಡು ಒರೆಸುವ ಒದ್ದೆ ಕಾಗದದಲ್ಲಿ? ನಿಂಬೆಯ ಚಿತ್ರವಿದ್ದ ಬಾಟಲಿಯಲ್ಲಿ ನಿಂಬೆ ಹೆಸರಿಗೂ ಇರಲಿಲ್ಲ. ಬೇವು ತುಳಸಿಯ ಚಿತ್ರ ಹಾಕಿ ಋಷಿಯ ಗಡ್ಡದ ಹಿಂದೆ ನಿಂತ ಸೋಪಿನಲ್ಲೂ ಅದೇ ಪರ್ಫ್ಯೂಮು. ವಾಸನೆಯಿಲ್ಲದ್ದು ಎಂದು ಮುಂದೆ ದಪ್ಪಕ್ಷರದಲ್ಲಿ ಬರೆದುಕೊಂಡ ಕ್ರೀಮೊಂದರ ಹಿಂದೆಯೂ ಸಣ್ಣಕ್ಷರದಲ್ಲಿ ಅದೇ ಮಾತು. ಆಮೇಲೆ ಡಾಕ್ಟರಮ್ಮನನ್ನು ಕೇಳಿದರೆ, ಒಳಗಿನ ಸಾಮಾನಿನ ಕೆಟ್ಟ ವಾಸನೆ ಮೂಗಿಗೆ ಬಾರದ ಹಾಗೆ ಅದರ ಮೇಲೆ ಇನ್ನೊಂದು ವಾಸನೆ ಹೊದಿಸುವುದೂ ಉಂಟು ಎಂದರು. ನಿಜವಾದ ನಿಂಬೆಸಿಪ್ಪೆಯ ಎಣ್ಣೆ, ಹೂವಿನ ಎಣ್ಣೆ ಹಚ್ಚಿಕೊಂಡರೂ ಅವ್ವನಂಥವರಿಗೆ ಸುಖವಿಲ್ಲವಂತೆ. ಗಾಳಿಗೆ ತೆರೆದಿಟ್ಟರೆ ಅವೂ ಹಳಸಿ ಚರ್ಮವನ್ನು ಕೆಣಕುತ್ತವಂತೆ. ಕಾರ್ಖಾನೆಯದು ಬೇಡ, ತೋಟದ್ದು ಹಚ್ಚಿಕೋ ಎಂದು ಹೇಳುವ ದಾರಿಯೂ ಮುಚ್ಚಿತು.

ಒಂದೊಂದೇ ಮುಚ್ಚಳ ತೆಗೆದು ಮೂಸುತ್ತ ಹೋದೆ. ಇಷ್ಟು ದಿನ ಒಳ್ಳೆಯದು ಎಂದುಕೊಂಡದ್ದು ಒಂದೂ ಒಳ್ಳೆಯದಾಗಿ ಕಾಣಲಿಲ್ಲ. ಎಲ್ಲದರ ತಳದಲ್ಲೂ ಒಂದೇ ಸಿಹಿ, ಹಲ್ಲಿಗೆ ಅಂಟುವ ಸಿಹಿ. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದೆ. ಕಸದ ಗಾಡಿಯವಳು ಚೀಲ ಬಿಚ್ಚಿ ನೋಡಿ, ಇಷ್ಟು ಚೆನ್ನಾಗಿರುವುದನ್ನು ಬಿಸಾಡುತ್ತೀರಲ್ಲ ಎಂದು ಒಂದು ಪೌಡರು ಡಬ್ಬ ಎತ್ತಿಟ್ಟುಕೊಂಡಳು. ಬೇಡ ಎಂದು ಎಷ್ಟು ಹೇಳಿದರೂ ಕೊಡಲಿಲ್ಲ.

ನನಗೆ ನಿಜಕ್ಕೂ ರೇಗಿದ್ದು ಕಲ್ಯದ ಆ ಪ್ಲಾಸ್ಟಿಕ್ ಕವರು ನೆನಪಾದಾಗ. ಕಣ್ಣ ಮುಂದೆಯೇ ಇತ್ತು. ಬೆರಳಿನಷ್ಟು ಉದ್ದದ ಹುಳದ ಮೈಗೆ ಇದು ಆಗುವುದಿಲ್ಲ ಎಂದು ಮಾವನಿಗೆ ಗೊತ್ತು, ಅತ್ತೆಗೆ ಗೊತ್ತು, ಬಾಲ್ಯದ ರಜೆಗಳನ್ನೆಲ್ಲ ಆ ಹುಳದ ಮನೆಯಲ್ಲಿ ಕಳೆದ ನನಗೆ ಗೊತ್ತು, ಅವ್ವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹುಳದಿಂದ ದೂರ ಇಟ್ಟದ್ದನ್ನು ಜೋಪಾನ ಮಾಡಿ ಮನುಷ್ಯರ ಮೈಗೆ ವಾಪಸು ಕೊಟ್ಟೆವು. ಫೋನಿನಲ್ಲಿ ಮಾವನಿಗೆ ಇದನ್ನೇ ಹೇಳಿ ಕೂಗಾಡಿದೆ. ಅವನು ಎಲ್ಲ ಕೇಳಿಕೊಂಡು ತಣ್ಣಗೆ ಹೇಳಿದ:

"ಉಳ ಅನ್ನೋದು ಬೆಳೆ ಕಣವ್ವ. ಬೆಳೆ ಓದ್ರೆ ಮನೆ ಓಯ್ತದೆ. ನಮ್ ಮೈ ಏನ್ ಬೆಳೆಯಾ?"

ಅಸಹ್ಯವಾಯಿತು. ಅವನ ಮಾತು ಸುಳ್ಳಾಗಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಹುಳ ಚಂದ್ರಿಕೆಗೆ ಏರಿದ ದಿನವೇ ಅತ್ತೆಯೂ ಕತ್ತಿಗೆ ಪೌಡರು ಹಚ್ಚಿಕೊಂಡು ಮಾಗಡಿ ಸಂತೆಗೆ ಹೋಗಿದ್ದಳು.

ಅಣ್ಣ ಚರಕ ಕೊಡುವ ಮಾತು ಬಿಟ್ಟ. ಶೆಡ್ಡಿನ ಬೀಗ ತೆಗೆದೆವು. ಅವ್ವನ ಕೈ ನಿಧಾನಕ್ಕೆ ವಾಸಿಯಾಯಿತು, ಬೇಸಿನ್ನಿನ ಮುಂದೆ ಮತ್ತೆ ಕೂತಳು. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕಡಲೆಹಿಟ್ಟು, ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಬೆಂದ ಹುಳದ ವಾಸನೆ ಪೂರ್ತಿ ಹೋಗುವುದಿಲ್ಲ. ಅದು ಕೂದಲಿನ ಬುಡದಲ್ಲಿ, ಉಗುರಿನ ಸಂದಿಯಲ್ಲಿ, ರವಿಕೆಯ ಹೊಲಿಗೆಯಲ್ಲಿ ಕೂತುಬಿಡುತ್ತದೆ. ಅತ್ತಿಗೆ ಒಳ್ಳೆಯವಳು, ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅವ್ವ ಟಿವಿ ಮುಂದೆ ಬಂದು ಕೂತರೆ ಎದ್ದು ಕಿಟಕಿ ತೆಗೆಯುತ್ತಿದ್ದಳು. ಅವ್ವ ಜಗುಲಿ ಬಿಟ್ಟಳು. ಪಕ್ಕದ ಮನೆಯ ಅರಿಶಿನ ಕುಂಕುಮಕ್ಕೆ ಹೋಗುವುದು ಬಿಟ್ಟಳು. ಶೆಡ್ಡು, ಬಚ್ಚಲು, ತನ್ನ ಕೋಣೆ, ಇಷ್ಟೇ. ಕೆಲಸ ಬೇಕಾದರೆ ಜನ ಬಿಡಬೇಕು, ಜನ ಬೇಕಾದರೆ ಕೆಲಸ ಬಿಡಬೇಕು ಎಂದು ಅವಳು ತನ್ನೊಳಗೇ ತೀರ್ಮಾನ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಅತ್ತಿಗೆಯ ತಂಗಿಯ ಮದುವೆ ಬಂತು, ಕನಕಪುರದ ಒಂದು ಛತ್ರದಲ್ಲಿ. ಅವ್ವ ಬರುವುದಿಲ್ಲ ಎಂದಳು. ಹಿರಿಯಳು ಬರದಿದ್ದರೆ ತನ್ನ ತವರಿಗೆ ಅವಮಾನ ಎಂದು ಅತ್ತಿಗೆ ಕಣ್ಣೀರು ಹಾಕಿಕೊಂಡಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ಮದುವೆಗೆ ವಾರ ಮುಂಚೆ ಅತ್ತೆಯಮ್ಮ ಚರಕ ನಿಲ್ಲಿಸುತ್ತಾರಾ ಕೇಳು, ಇಲ್ಲವೇ ಅವತ್ತೊಂದು ದಿನ ಸೀರೆಗಾದರೂ ಒಂದು ಚೂರು ಸೆಂಟು ಹಾಕೋಣವೇ ಎಂದಳು. ನಾನು ಏನೆಂದೆ ಎಂದು ಇಲ್ಲಿ ಬರೆಯುವುದಿಲ್ಲ, ಅತ್ತಿಗೆಯ ಜೊತೆ ಈಗ ರಾಜಿಯಾಗಿದೆ. ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಲ್ಲಿಂದಲೇ ತಿರುಗಿ ಶೆಡ್ಡಿಗೆ ಹೋದಳು. ಮದುವೆಯ ಹಿಂದಿನ ದಿನ ಸಂಜೆಯವರೆಗೂ ಚರಕ ತಿರುಗಿತು. ಬೆಳಿಗ್ಗೆ ಎದ್ದು ಬಿಸಿನೀರು ಹಾಕಿಕೊಂಡು, ರೇಷ್ಮೆ ಸೀರೆ ಉಟ್ಟು, ಹೊರಟು ನಿಂತಳು.

ಛತ್ರದ ಬಾಗಿಲಲ್ಲಿ ಲಂಗದಾವಣಿಯ ಹುಡುಗಿಯರು ಬೆಳ್ಳಿಯ ಪನ್ನೀರುದಾನಿ ಹಿಡಿದು ನಿಂತಿದ್ದರು. ಬಂದವರ ಮೇಲೆಲ್ಲ ಪನ್ನೀರು ಚಿಮುಕಿಸುವುದು, ಅಂಗೈ ಹಿಂದೆ ಗಂಧ ಹಚ್ಚುವುದು. ನಮ್ಮ ಕಡೆ ಮದುವೆಗೆ ಬಂದವರಿಗೆ ಕೊಡುವ ಮೊದಲ ಮರ್ಯಾದೆ ಅದು. ಬೇಡ ಎಂದರೆ ಮನೆಯವರನ್ನೇ ಬೇಡ ಎಂದ ಹಾಗೆ. ಅದು ಗುಲಾಬಿಯ ನೀರಲ್ಲ, ಅಂಗಡಿಯ ಶೀಸೆಯದು ಎಂದು ಹತ್ತು ಮಾರು ದೂರಕ್ಕೇ ನನ್ನ ಮೂಗು ಹೇಳಿತು. ನಾನು ಅವ್ವನಿಗೆ ಅಡ್ಡ ನಿಲ್ಲಲು ಹೋದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು. ಬೀಗಿತ್ತಿ, ಎಂದರೆ ಅತ್ತಿಗೆಯ ತಾಯಿ, ತಾವೇ ಮುಂದೆ ಬಂದು ಗಂಧದ ಬಟ್ಟಲು ಹಿಡಿದರು. ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೀಗಿತ್ತಿಯ ಮುಖ ಬಿಗಿಯಿತು. ಅದೇ ಕ್ಷಣಕ್ಕೆ ಅವರ ಮೂಗು ಸುಕ್ಕುಗಟ್ಟಿದ್ದನ್ನೂ ನಾನು ನೋಡಿದೆ. ಹಿಂದೆ ನಿಂತ ಯಾರೋ ಕರವಸ್ತ್ರ ತೆಗೆದರು.

"ಬ್ಯಾಸರ ಮಾಡ್ಕಬ್ಯಾಡಿ ಬೀಗ್ರೆ," ಎಂದಳು ಅವ್ವ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, ಆದರೆ ದನಿ ಏರಿಸದೆ. "ಗಂಧ ನನ್ ಮೈಗಾಗಕಿಲ್ಲ. ಕೈ ಒಡ್ದೋಯ್ತದೆ. ನಾನು ಚರ್ಕ ತಿರುಗ್ಸೋಳು, ಈ ವಾಸ್ನೆ ನಂದೇಯ. ಆಗ್ದೆ ಇದ್ರೆ ಒಸಿ ಅತ್ಲಾಗೆ ನಿಂತ್ಕಳಿ. ನಾನಂತೂ ಮದ್ವೆ ನೋಡ್ಕಂಡೇ ಓಯ್ತೀನಿ."

ಬೀಗಿತ್ತಿ ಬಟ್ಟಲು ಕೆಳಗಿಟ್ಟು, ಕುಂಕುಮ ಮಾತ್ರ ಕೊಟ್ಟು, ಒಳಗೆ ಬನ್ನಿ ಎಂದರು. ಅವರು ಮನಸಾರೆ ಹೇಳಿದರೋ ಎಲ್ಲರ ಎದುರಿಗೆ ಹೇಳಿದರೋ ಗೊತ್ತಿಲ್ಲ. ಧಾರೆ ಮುಗಿಯುವವರೆಗೂ ಅವ್ವನ ಎಡಬಲದ ಕುರ್ಚಿಗಳು ಖಾಲಿ ಇದ್ದವು. ಬಂದವರು ಕೂರಲು ಬಗ್ಗಿ, ಅರೆಕ್ಷಣ ತಡೆದು, ಏನೋ ನೆನಪಾದವರ ಹಾಗೆ ಮುಂದಕ್ಕೆ ಹೋಗುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತ ನಾನು ಹಾಗೆ ಹೋಗುವವರ ಬೆನ್ನನ್ನು ಕಣ್ಣಿನಿಂದಲೇ ಸುಡುತ್ತಿದ್ದೆ. ಅವರ ಮೈಯಿಂದ ಬರುತ್ತಿದ್ದುದನ್ನು ಸಹಿಸಿಕೊಂಡು ನಾನು ಬೆಳಗಿನಿಂದ ಕೂತಿರಲಿಲ್ಲವೇ?

ಊಟದ ಪಂಕ್ತಿಯಲ್ಲಿ ಅವ್ವನ ಪಕ್ಕದ ಎಲೆಗೆ ನಾನು ಕೂತೆ. ಜನ ಹೆಚ್ಚು, ಮೇಜಿಗೆ ಮೇಜು ತಾಗಿಸಿ ಹಾಕಿದ್ದರು. ಅವಳ ತೋಳು ನನ್ನ ತೋಳಿಗೆ ಒತ್ತಿತ್ತು. ನಾನು ಸೋಪು ಪೌಡರು ಬಿಟ್ಟು ವರ್ಷವಾಗುತ್ತ ಬಂದಿತ್ತು. ನನ್ನ ಮೂಗಿಗೂ ಅವಳ ಮೈಗೂ ನಡುವೆ ಮುಚ್ಚುವುದು ಯಾವುದೂ ಇರಲಿಲ್ಲ. ಸೆಕೆಗೆ ಅವಳ ಕೂದಲಿನ ಬುಡ ಬೆವೆತಿತ್ತು. ಅಲ್ಲಿಂದ ಒಮ್ಮೆಗೇ ಬೆಂದ ಹುಳದ ವಾಸನೆ ಎದ್ದು ನನ್ನ ಮುಖಕ್ಕೆ ಬಡಿಯಿತು. ಎಲೆಯ ಮೇಲೆ ಆಗ ತಾನೇ ತುಪ್ಪ ಬಿದ್ದಿತ್ತು. ನನಗೆ ಗಂಟಲಿಗೆ ಬಂತು. ಅಸಹ್ಯ, ಬೇರೆ ಮಾತಿಲ್ಲ. ಬೆಳಗಿನಿಂದ ಯಾರ್ಯಾರ ಮೇಲೆ ಹಲ್ಲು ಕಡಿದೆನೋ ಅವರಿಗೆಲ್ಲ ಆದ ಅದೇ ಅಸಹ್ಯ. ಉಸಿರು ಬಿಗಿಹಿಡಿದು ಎಲೆಯನ್ನೇ ನೋಡುತ್ತ ಕೂತೆ.

ಅವ್ವ ಪಲ್ಯ ಕಲಸುವುದನ್ನು ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ.

"ನಿಂಗೂ ವಾಸ್ನೆ ಒಡೀತದಾ?" ಎಂದಳು.

ಇಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

"ಹೂಂ," ಎಂದೆ.

"ಉಣ್ಣು," ಎಂದು ಅವಳು ಅನ್ನಕ್ಕೆ ಕೈ ಹಾಕಿದಳು. ಅಷ್ಟೂ ಬೆರಳು ನೆಟ್ಟಗಿದ್ದವು, ಒಂದೂ ಬಿರುಕಿರಲಿಲ್ಲ. ತೋಳನ್ನು ಅವಳೂ ಸರಿಸಲಿಲ್ಲ, ನಾನೂ ಸರಿಸಲಿಲ್ಲ. ಬಡಿಸುವವನು ಒಬ್ಬಟ್ಟು ತಂದ. ಇಬ್ಬರೂ ಹಾಕಿಸಿಕೊಂಡೆವು.